ನೀರೂ ಗಡಿ ದಾಟಿತು, ಕಳ್ಳರೂ ದಾಟಿದರು

ಗಡಿಯಲ್ಲಿ ಬದುಕುವವರಿಗೆ ಒಂದು ಲಾಭವಿದೆ: ಒಂದೇ ಸುದ್ದಿಗೆ ಎರಡು ಸಲ ನಗಬಹುದು. ಬೆಳಿಗ್ಗೆ ತಿಕೋಟಾದ ಚಹಾದಂಗಡಿಯಲ್ಲಿ ಕನ್ನಡ ಪೇಪರ್ ಓದಿ ಒಮ್ಮೆ. ಮಧ್ಯಾಹ್ನ ಮಹಾರಾಷ್ಟ್ರದ ಜತ್ತ ಕಡೆಯ ಬೀಗರು ಅದೇ ಸುದ್ದಿಯ ಮರಾಠಿ ಕಟಿಂಗ್ ವಾಟ್ಸಾಪಿಗೆ ಹಾಕಿದಾಗ ಇನ್ನೊಮ್ಮೆ. ಕನ್ನಡದಲ್ಲಿ ನಾವು ಗೆದ್ದಿರುತ್ತೇವೆ, ಮರಾಠಿಯಲ್ಲಿ ಅವರು. ಎರಡನ್ನೂ ಓದಬಲ್ಲವರಿಗೆ ಸೋಲೆಂಬುದೇ ಇಲ್ಲ.

2025ರ ಸೆಪ್ಟೆಂಬರ್ 16ರ ಸಂಜೆ ನಮ್ಮ ವಿಜಯಪುರ ಜಿಲ್ಲೆಯ ಚಡಚಣದಲ್ಲಿ ಮಿಲಿಟರಿ ನಮೂನೆಯ ಬಟ್ಟೆ ತೊಟ್ಟು, ಮುಖ ಮುಚ್ಚಿಕೊಂಡು ಸ್ಟೇಟ್ ಬ್ಯಾಂಕಿಗೆ ನುಗ್ಗಿದವರು ಸಿಬ್ಬಂದಿಯ ಕೈಕಾಲು ಕಟ್ಟಿ, ಸುಮಾರು 20 ಕೆಜಿ ಬಂಗಾರ, ಕೋಟಿ ಮೀರಿದ ನಗದು ಹೊತ್ತೊಯ್ದರು. ‘ಮಹಾರಾಷ್ಟ್ರಕ್ಕೆ ಪರಾರಿ’ ಎಂದು ಟಿವಿಯವರು ಕೂಗಿದ ಅಬ್ಬರಕ್ಕೆ, ದುಬೈಗೇ ಹಾರಿದರೇನೋ ಅನ್ನಿಸಬೇಕು. ಅವರು ಮುಟ್ಟಿದ್ದು ಮಂಗಳವೇಢೆ ತಾಲ್ಲೂಕಿನ ಹುಲಜಂತಿ. ಹುಲಜಂತಿ ಅಂದರೆ ನಮಗೆ ಮಾಳಿಂಗರಾಯ. ದೀಪಾವಳಿ ಅಮಾವಾಸ್ಯೆಯ ಮುಂಡಾಸು ಉತ್ಸವ ನೋಡಲು ಭಂಡಾರ ಹಾರಿಸುತ್ತ ಇಲ್ಲಿಂದ ಜನ ಹೋಗುವ ಊರು. ಹೋಗಿ ಹೋಗಿ ಹಾಲುಮತದ ದೇವರ ಊರಿನಲ್ಲಿ ಆ ಪುಣ್ಯಾತ್ಮರು ಆಡು-ಕುರಿಗಳಿಗೆ ಕಾರು ಗುದ್ದಿಸಿದರಂತೆ! ಊರವರು ಸುತ್ತುಗಟ್ಟಿದರು. ಕಳ್ಳರು ಕಾರು ಬಿಟ್ಟು ಓಡಿದರು. ಮುಂದೆ ಅದೇ ಊರಿನ ಹಾಳುಮನೆಯ ಮಾಳಿಗೆ ಮೇಲೆ ಆರು ಕೆಜಿಗೂ ಹೆಚ್ಚು ಬಂಗಾರ, 41 ಲಕ್ಷ ರೂಪಾಯಿ ಇದ್ದ ಬ್ಯಾಗು ಸಿಕ್ಕಿತು.

“ನಮ್ಮ ಮಾಳಿಗಿ ಮ್ಯಾಲ ಒಣಾ ಹಾಕಿದ ಮೆಣಸಿನಕಾಯಿ ಉಳಿಯಂಗಿಲ್ಲ, ಅಲ್ಲಿ ಬಂಗಾರ ಉಳದೈತಲ್ಲೋ!” ಅಂದಳು ಅತ್ತೆ. ಬೀಗರು ಫೋನ್ ಮಾಡಿ, “ಕಾಯ್ ಪಾವ್ಣ, ತುಮಚೇ ಚೋರ್ ಆಮಚ್ಯಾಕಡೇ ಆಲೇ!” (ನಿಮ್ಮ ಕಳ್ಳರು ನಮ್ಮ ಕಡೆ ಬಂದರು) ಎಂದು ನಕ್ಕರು. “ಕಳ್ಳರು ಯಾರವರಂತ ಇನ್ನೂ ಗೊತ್ತಿಲ್ರೀ, ಬಂಗಾರ ಮಾತ್ರ ನಮ್ದು” ಅಂದೆ. ಅವರು ಮರಾಠಿಯಲ್ಲಿ ಚೇಷ್ಟೆ ಮಾಡುತ್ತಾರೆ, ನಾನು ಕನ್ನಡದಲ್ಲಿ ತಿರುಗಿಸಿ ಕೊಡುತ್ತೇನೆ. ಸಾಲದ ವಿಷಯ ಬಂದರೆ ಮಾತ್ರ ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯುವುದಿಲ್ಲ.

ಅತ್ತೆಗೆ ಇವತ್ತಿಗೂ ಸಮಾಧಾನವಾಗದ ಸುದ್ದಿ 2024ರ ಮಾರ್ಚಿನದು. ಬೆಂಗಳೂರು–ಮೈಸೂರು ಬಸ್ಸಿನಲ್ಲಿ ಅಜ್ಜಿ-ಮೊಮ್ಮಗಳು ಶಕ್ತಿ ಯೋಜನೆಯಲ್ಲಿ ಪುಕ್ಕಟೆ ಹೊರಟಿದ್ದರು. ಜೊತೆಗಿದ್ದ ನಾಲ್ಕು ಗಿಳಿಗಳಿಗೆ ಕಂಡಕ್ಟರ್ 444 ರೂಪಾಯಿ ಟಿಕೆಟ್ ಹರಿದ. “ಹೆಣ್ಣ ಗಿಳಿ ಇದ್ದಿದ್ರ? ಆಧಾರ್ ಕಾರ್ಡ್ ಕೇಳಬೇಕಿತ್ತಿಲ್ಲೋ” ಎಂಬುದು ಅತ್ತೆಯ ತಕರಾರು. ಟಿಕೆಟ್ ಕಾನೂನಿನಲ್ಲಿ ಅವಳು ಪಳಗಿದ ಕೈ. ಗುಡ್ಡಾಪುರ ದಾನಮ್ಮನ ಗುಡಿಗೆ ಹೊರಟರೆ ವಿಜಯಪುರದಿಂದ ಕನಮಡಿಯವರೆಗೆ ನಮ್ಮ ಬಸ್ಸಿನಲ್ಲಿ ಪುಕ್ಕಟೆ. ಗಡಿಯಾಚೆ ಮಹಾರಾಷ್ಟ್ರದ ಎಸ್‌ಟಿ ಹತ್ತಿದರೆ, 2023ರ ಮಾರ್ಚಿನಿಂದ ಹೆಂಗಸರಿಗೆ ಅರ್ಧ ಟಿಕೆಟ್. ಈಚೆ ಕಂಡಕ್ಟರನಿಗೆ “ತಮ್ಮಾ”, ಆಚೆಯವನಿಗೆ “ದಾದಾ”. ಎರಡೂ ರಾಜ್ಯಗಳಲ್ಲಿ ಪೂರಾ ದುಡ್ಡು ಕೊಡುವವನು ಜೊತೆಗೆ ಹೋಗುವ ನಾನು. ಹಾಗಾಗಿ ಈ ಪ್ರಕರಣದಲ್ಲಿ ನನ್ನ ಮತ ಗಿಳಿಗಳ ಕಡೆ.

ಎಲ್ಲಕ್ಕಿಂತ ಹೆಚ್ಚು ನಗಿಸಿದ್ದು ಮಾತ್ರ 2022ರ ನವೆಂಬರ್. ಜತ್ತ ತಾಲ್ಲೂಕಿನ 40 ಹಳ್ಳಿಗಳು ಕರ್ನಾಟಕ ಸೇರುವ ಠರಾವು ಮಾಡಿವೆ, ಗಂಭೀರವಾಗಿ ಯೋಚಿಸುತ್ತೇವೆ ಎಂದರು ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ. ಒಂದು ಹಳ್ಳಿಯೂ ಹೋಗುವುದಿಲ್ಲ ಎಂದರು ಮಹಾರಾಷ್ಟ್ರದ ದೇವೇಂದ್ರ ಫಡಣವೀಸ್. ಆ ಠರಾವು ಆಗಲೇ ಹತ್ತು ವರ್ಷ ಹಳೆಯದು, ಅದರ ಮೂಲ ನೀರಿನ ಬರ. ಪೇಪರುಗಳಲ್ಲಿ ಯುದ್ಧ ನಡೆದಿರುವಾಗಲೇ ತುಬಚಿ–ಬಬಲೇಶ್ವರ ಏತ ನೀರಾವರಿಯ ಕೃಷ್ಣೆ ನೀರು ಸದ್ದಿಲ್ಲದೆ ಗಡಿ ದಾಟಿ ತಿಕ್ಕುಂಡಿ ಕೆರೆ ತುಂಬಿಸಿತು. ಅದೇ ಹೊತ್ತಿಗೆ ಮುಂಬೈಯವರಿಗೂ ಜತ್ತ ನೆನಪಾಗಿ, ಮ್ಹೈಸಾಳ ಏತ ನೀರಾವರಿ ವಿಸ್ತರಣೆಗೆ ಸುಮಾರು 2,000 ಕೋಟಿ ರೂಪಾಯಿಯ ಘೋಷಣೆ ಬಂತು.

“ನೀರ ಕೊಡ್ರಿ ಅಂದ್ರ ಬರಂಗಿಲ್ಲ, ನಾವು ಹೊಂಟಿವಿ ಅಂದ್ರ ಬರತೈತಿ” ಎಂದ ಬಬಲೇಶ್ವರದ ಗೆಳೆಯ. ಅವನ ತೋಟದ ದಾರಿಯಲ್ಲಿ ಬೈಕು ಓಡಿಸಿದರೆ ದ್ರಾಕ್ಷಿ ಮನೆ ಮುಟ್ಟುವುದರೊಳಗೆ ರಸವಾಗಿರುತ್ತದೆ. ನಾವೂ ಮಹಾರಾಷ್ಟ್ರ ಸೇರುತ್ತೇವೆಂದು ಒಂದು ಅರ್ಜಿ ಬರೆದರೆ ಡಾಂಬರು ಬಂದೀತೇ ಎಂಬುದು ಅವನ ಲೆಕ್ಕ. ಅರ್ಜಿಯನ್ನು ಮರಾಠಿಯಲ್ಲಿ ಬರೆದುಕೊಡಲು ಜತ್ತದ ಬೀಗರೇ ಸಿದ್ಧರಿದ್ದಾರೆ.

ಬೆಂಗಳೂರಿನ, ಮುಂಬೈಯ ಸುದ್ದಿಮನೆಯವರಲ್ಲಿ ಒಂದೇ ವಿನಂತಿ. ಗಡಿಯ ಸುದ್ದಿ ಬರೆಯುವ ಮುನ್ನ ಒಮ್ಮೆ ಈ ಕಡೆಯ ಬಸ್ಸು ಹತ್ತಿ ಬನ್ನಿ. ನೀವು ‘ಪರರಾಜ್ಯ’ ಅನ್ನುವುದು ನಮ್ಮ ಬೀಗರ ಊರು. ಅಲ್ಲಿಗೆ ಕಳ್ಳರು ಹೋದರೂ ಸುದ್ದಿ, ನೀರು ಹೋದರೂ ಸುದ್ದಿ. ನಾವು ದಿನಾ ಹೋಗಿಬರುವುದು ಮಾತ್ರ ಯಾವ ಪೇಪರಿನಲ್ಲೂ ಬರುವುದಿಲ್ಲ.