ದಳವಾಯಿಗಳ ಕಾಲ

ಹುಣಸೂರಿನಿಂದ ಮಡಿಕೇರಿ ಕಡೆಗೆ ಬಸ್ಸು ಹತ್ತಿದರೆ ನಡುವೆ ಪಿರಿಯಾಪಟ್ಟಣ ಸಿಗುತ್ತದೆ. ಮೊದಲು ಅದು ಸಿಂಗಪಟ್ಟಣ. 1586ರಿಂದ 1607ರವರೆಗೆ ಆಳಿದ ಚಂಗಾಳ್ವ ಅರಸ ಪಿರಿಯರಾಜ ಊರನ್ನು ಮತ್ತೆ ಕಟ್ಟಿ ತನ್ನ ಹೆಸರಿಟ್ಟ. ಬೆಟ್ಟದಪುರದ ಅನ್ನದಾನಿ ಮಲ್ಲಿಕಾರ್ಜುನ ಈ ಅರಸರ ಮನೆದೇವರು. ಪಿರಿಯರಾಜನ ಆಳ್ವಿಕೆ ಮುಗಿದು ನಾಲ್ಕು ದಶಕ ತುಂಬುವ ಮೊದಲೇ ಮೈಸೂರಿನ ದಂಡು ಕೋಟೆಯ ಮುಂದೆ ನಿಂತಿತ್ತು.

ಆ ಕಾಲದ ಮೈಸೂರಿನಲ್ಲಿ ದಂಡಿನ ಯಜಮಾನ ದಳವಾಯಿ. ಶಾಲೆಯ ಪುಸ್ತಕದಲ್ಲಿ ಈ ಪದಕ್ಕೆ 'ಸೇನಾಪತಿ' ಎಂಬ ಒಂದೇ ಅರ್ಥ. ನಿಜದಲ್ಲಿ ಅರಸನ ಕಿವಿಯೂ ಅವನದೇ, ಆಳುಗಳ ನಿಷ್ಠೆಯೂ ಅವನದೇ. ಚಾಮರಾಜ ಒಡೆಯರ ಕಾಲದಲ್ಲಿ ಹೀಗೆ ಬೆಳೆದವನು ದಳವಾಯಿ ವಿಕ್ರಮರಾಯ. 1637ರಲ್ಲಿ ಚಾಮರಾಜರು ತೀರಿಕೊಂಡು ಇಮ್ಮಡಿ ರಾಜ ಒಡೆಯರು ಪಟ್ಟಕ್ಕೆ ಬಂದರು. ಹೊಸ ಅರಸ ತನ್ನ ಮಾತು ಕೇಳಲೊಲ್ಲದ್ದನ್ನು ಕಂಡು ವಿಕ್ರಮರಾಯ ವಿಷ ಹಾಕಿಸಿದನೆಂದು ಇತಿಹಾಸಕಾರ ವಿಲ್ಕ್ಸ್ ಬರೆಯುತ್ತಾನೆ.

1638ರಲ್ಲಿ ತೆರಕಣಾಂಬಿಯಿಂದ ಕರೆತಂದು ಪಟ್ಟ ಕಟ್ಟಿದ್ದು ಕಂಠೀರವ ನರಸರಾಜರಿಗೆ. ಕುಸ್ತಿಯಲ್ಲಿ ಹೆಸರಾದ ಮನುಷ್ಯ, ಇನ್ನೊಬ್ಬರ ಬೊಂಬೆಯಾಗುವ ಜಾಯಮಾನವಲ್ಲ. ಬಂದ ಕೆಲವೇ ದಿನದಲ್ಲಿ ವಿಕ್ರಮರಾಯನನ್ನು ಕೊಲ್ಲಿಸಿದರು. ಆದರೆ ದಳವಾಯಿ ಹುದ್ದೆಯನ್ನು ತೆಗೆಯಲಿಲ್ಲ. ಬಿಜಾಪುರದ ರಣದುಲ್ಲಾ ಖಾನ್ ಶ್ರೀರಂಗಪಟ್ಟಣದ ಬಾಗಿಲಿಗೇ ಬಂದಿದ್ದಾಗ ತೆಗೆಯುವುದಾದರೂ ಹೇಗೆ? ಅವರು ಮಾಡಿದ್ದಿಷ್ಟೆ: ದಳವಾಯಿಗಳನ್ನು ಬೇಗ ಬೇಗ ಬದಲಾಯಿಸುತ್ತ ಹೋದರು. ಯಾರಿಗೂ ಬೇರು ಬಿಡಲು ಸಮಯ ಸಿಗಲಿಲ್ಲ.

ಈ ಸೈನ್ಯವೇ 1640ರ ದಶಕದಲ್ಲಿ ಪಿರಿಯಾಪಟ್ಟಣವನ್ನು ಮುತ್ತಿದ್ದು. ಕೋಟೆ ಉಳಿಯದೆಂದು ಖಚಿತವಾದಾಗ ಚಂಗಾಳ್ವ ವೀರರಾಜ ತನ್ನ ಹೆಂಡಿರು ಮಕ್ಕಳನ್ನು ತಾನೇ ಕೊಂದು, ಕತ್ತಿ ಹಿಡಿದು ಶತ್ರುಗಳ ನಡುವೆ ನುಗ್ಗಿ ಸತ್ತ. ಇದನ್ನು ಶೌರ್ಯವೆಂದು ಹೊಗಳುವವರಿದ್ದಾರೆ. ಆ ಮಕ್ಕಳನ್ನು ಒಂದು ಮಾತು ಕೇಳಿದವರು ಯಾರು? ಶತಮಾನಗಳ ಚಂಗಾಳ್ವ ಅರಸೊತ್ತಿಗೆ ಅಲ್ಲಿಗೆ ಮುಗಿಯಿತು.

ಕಂಠೀರವರು 1659ರಲ್ಲಿ ತೀರಿಕೊಂಡರು. ಅವರ ಎಚ್ಚರ ಮುಂದಿನವರಿಗೆಲ್ಲ ಬರಲಿಲ್ಲ. ನಂಜನಗೂಡು ಸೀಮೆಯ ಕಳಲೆ ಮನೆತನದ ದೇವರಾಜಯ್ಯ, ನಂಜರಾಜಯ್ಯರು ದಳವಾಯಿ, ಸರ್ವಾಧಿಕಾರಿಗಳಾಗಿ ಬೆಳೆದರು. 1734ರಲ್ಲಿ ಅರಸನಾಗಿದ್ದ ಇನ್ನೊಬ್ಬ ಚಾಮರಾಜ ಒಡೆಯರನ್ನು ಗದ್ದುಗೆಯಿಂದ ಇಳಿಸಿ ಕಬ್ಬಾಳದುರ್ಗದ ಬಂಡೆಯ ಮೇಲೆ ಸೆರೆಯಿಟ್ಟರು. ಅವರು ಅಲ್ಲಿಯೇ ಸತ್ತರು.