ಕಾಕಾ ಬರೆಸಿದ ಆಯೇರಿ

ತಂಗಡಗಿ ಎಂದಕೂಡಲೇ ಕೃಷ್ಣೆಯ ದಂಡೆಯ ನೀಲಮ್ಮನ ಗುಡಿ, ಹಡಪದ ಅಪ್ಪಣ್ಣನವರ ಹೆಸರು ನೆನಪಾಗುತ್ತವೆ. ನನಗೆ ಅದರ ಜೊತೆಗೇ ಈ ಸೀಮೆಯ ಜಾತ್ರೆಯ ನಾಟಕಗಳೂ ನೆನಪಾಗುತ್ತವೆ. ಹೊಳೆಯಾಚೆ ಹುನಗುಂದ ಸೀಮೆ. ಅಲ್ಲಿಯ ಸೂಳೇಭಾವಿಯ ಪಿ.ಬಿ. ಧುತ್ತರಗಿಯವರ ನಾಟಕಗಳೆಂದರೆ ನಮ್ಮ ಜನಕ್ಕೆ ಪ್ರಾಣ. ಅವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ಸಿನಿಮಾ ಆಯಿತು. ರಾಜಕುಮಾರ್ ಎಮ್ಮೆಯ ಮೇಲೆ ಕೂತು ಹಾಡಿದ್ದು ನಾಡಿಗೆಲ್ಲ ಗೊತ್ತು. ಆದರೆ ಆ ಸೊಕ್ಕಿನ ಸಾಹುಕಾರ, ಬಾಯಿಜೋರಿನ ಹುಡುಗಿ, ಯಾರಿಗೂ ಬಗ್ಗದ ಹಳ್ಳಿ ಹುಡುಗ ಮೊದಲು ಓಡಾಡಿದ್ದು ರಂಗದ ಮೇಲೆ.

ಸುಗ್ಗಿ ಮುಗಿದರೆ ತಾಲೀಮು ಶುರು. ಹಗಲು ಚಹಾ ಸೋಸುವವನು ರಾತ್ರಿ ಗೌಡನಾಗುತ್ತಾನೆ. ಪೇಟಿ ಮಾಸ್ತರರು ಬೈದು ಬೈದು ಮಾತು ಕಲಿಸುತ್ತಾರೆ. ಆದರೂ ನಾಟಕದ ದಿನ ಹಾಸ್ಯದ ಪಾತ್ರದವನು ಬರೆದ ಮಾತಿಗೆ ನಿಲ್ಲುವವನಲ್ಲ. ಮುಂದೆ ಕೂತ ಹಿರಿಯರೊಬ್ಬರ ಕಡೆ ಕೈ ಮಾಡಿ, “ಈ ಕಾಕಾನಂಗ ಉದ್ರಿ ತಗೊಂಡು ಮರ್ತ್ರ ಅಂಗಡಿ ನಡೀಬೇಕು ಹೆಂಗ್ರೀ?” ಎನ್ನುತ್ತಾನೆ. ಜನ ಸೀಟಿ ಹೊಡೆಯುತ್ತದೆ. ಕಾಕಾ ಪಟಗಾ ಸರಿಮಾಡಿಕೊಂಡು ಎದ್ದು, ಅವನ ಹೆಸರಿಗೇ ಆಯೇರಿ, ಎಂದರೆ ಮೆಚ್ಚುಗೆಯ ಕಾಣಿಕೆ, ಬರೆಸುತ್ತಾರೆ. ಮೈಕಿನಲ್ಲಿ ಅದನ್ನು ಕೂಗುವ ತನಕ ನಾಟಕ ನಿಂತಿರುತ್ತದೆ.

ಊರ ಮಂದಿಯನ್ನೇ ಹೀಗೆ ನಗೆಗೆ ತರುವ ನಾಟಕ ದೂರದಲ್ಲೂ ಉಂಟು. ವೇಲ್ಸ್‌ನ ಕವಿ ಡೈಲನ್ ಥಾಮಸ್‌ನ ‘ಅಂಡರ್ ಮಿಲ್ಕ್ ವುಡ್’ 1954ರಲ್ಲಿ ರೇಡಿಯೋದಲ್ಲಿ ಬಂತು, ರಂಗಕ್ಕೂ ಏರಿತು. ಅದರೊಳಗಿನ ಊರಿನಲ್ಲಿ ಅಂಚೆಯವನ ಹೆಂಡತಿ ಕಾಗದ ಒಡೆದು ಓದುತ್ತಾಳೆ, ಅವನು ತಲುಪಿಸುವಾಗ ಒಳಗಿನ ಸುದ್ದಿಯನ್ನೂ ತಾನೇ ಹೇಳಿಬಿಡುತ್ತಾನೆ. ಬ್ರೆಡ್ ಸುಡುವವನ ಹೆಸರಿಗೆ ಬ್ರೆಡ್ಡೇ ಅಂಟಿಕೊಂಡಿದೆ. ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ ಎಂಬ ಅಡ್ಡಹೆಸರಿನವರ ನಡುವೆ ಬೆಳೆದ ನನಗೆ ಆ ಊರು ಓದಿದ ಕೂಡಲೇ ಹತ್ತಿರವಾಯಿತು.

ನಮ್ಮ ಜಾತ್ರೆಯ ನಾಟಕದಲ್ಲಿ ಹೀಗೆ ನಗಿಸುವವನಿಗೆ ಒಂದು ಹದ ಗೊತ್ತಿರುತ್ತದೆ. ಬೆಳಗಾದರೆ ಅದೇ ಕಾಕಾನ ಎದುರಿಗೆ ಅವನು ಹಾಯಬೇಕು, ಅವರ ಹೊಲದ ಬದುವಿನ ಮೇಲೆ ನಡೆಯಬೇಕು. ಈಚೆಗೆ ಹಾಸ್ಯವೆಂದರೆ ದ್ವಂದ್ವಾರ್ಥದ ಮಾತು ಎನ್ನುವಂತಾಗಿದ್ದು ನನಗೆ ನಿಜಕ್ಕೂ ಸಂಕಟ ತರುತ್ತದೆ. ಆ ಮಾತು ಬಂದಾಗ ಹೆಣ್ಣುಮಕ್ಕಳು ಕೂಸುಗಳನ್ನು ಎತ್ತಿಕೊಂಡು ಮನೆಯ ಹಾದಿ ಹಿಡಿಯುತ್ತಾರೆ. ಅರ್ಧ ಊರು ಎದ್ದುಹೋದ ಮೇಲೆ ಯಾರಿಗಾಗಿ ಆಡುವುದು?

ನಾಟಕ ಬರೆಯುವ ಹುಡುಗರು ಸಿಕ್ಕರೆ ನಾನು ಕೇಳಿಕೊಳ್ಳುವುದು ಇಷ್ಟೇ: ಬಾರದ ಬಸ್ಸು, ಕಬ್ಬಿನ ಬಾಕಿ, ಕನ್ಯಾ ನೋಡಲು ಹೋಗಿ ಬರಿಗೈಲಿ ಬಂದ ಬೀಗರು, ಇವನ್ನೇ ಬರೆಯಿರಿ. ಕಟ್ಟೆಯ ಮೇಲೆ ಒಂದು ಸಂಜೆ ಕೂತರೆ ಮೂರು ಅಂಕಕ್ಕಾಗುವಷ್ಟು ಮಾತು ಸಿಗುತ್ತದೆ.