ಬತ್ತಿದ ಬಯಕೆಯ ಸೆಲೆ

ದುಃಖವೆಂಬುದು ಎಲ್ಲರಿಗೂ ಪರಿಚಿತವಾದುದು. ದುಃಖಿತನಾದವನು ಅಳುತ್ತಾನೆ, ಬಂಧುಗಳೊಡನೆ ತೋಡಿಕೊಳ್ಳುತ್ತಾನೆ, ಕಾಲಕ್ರಮದಲ್ಲಿ ಸಮಾಧಾನಗೊಳ್ಳುತ್ತಾನೆ. ಆದರೆ ಅಳುವೂ ಬಾರದ, ನಗುವೂ ಬಾರದ ಇನ್ನೊಂದು ಸ್ಥಿತಿಯುಂಟು. ಉಣ್ಣುವ ಅನ್ನ ಸಪ್ಪೆ, ಕೇಳುವ ಹಾಡು ಬರಿಯ ಸದ್ದು, ಎದುರಿಗೆ ಆಡುವ ಮೊಮ್ಮಗು ಯಾರದೋ ಮನೆಯ ಕೂಸು ಎನಿಸುವ ಸ್ಥಿತಿಯದು. ೧೮೯೬ರಲ್ಲಿ ಫ್ರಾನ್ಸ್ ದೇಶದ ಮನಶ್ಶಾಸ್ತ್ರಜ್ಞ ಥಿಯೋಡ್ಯೂಲ್ ರಿಬೋ ಅವರು ಇದನ್ನು 'ಅನ್‌ಹೆಡೋನಿಯಾ' ಎಂದು ಕರೆದರು. ಸುಖವನ್ನು ಅನುಭವಿಸುವ ಶಕ್ತಿಯೇ ಇಲ್ಲವಾಗುವುದು ಎಂಬುದು ಅದರ ತಾತ್ಪರ್ಯ.

ನಮಗೆ ನಿಕಟವಾದ ಒಂದು ಕುಟುಂಬದಲ್ಲಿ ಈ ಸ್ಥಿತಿಯನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆ ಮನೆಯ ಹಿರಿಯರು ನಿವೃತ್ತ ಶಿಕ್ಷಕರು. ಹಾರ್ಮೋನಿಯಂ ನುಡಿಸುವುದರಲ್ಲಿ ಪಳಗಿದವರು. ಅವರಿಗೆ ಬಹುಕಾಲದಿಂದ ಬೈಪೋಲಾರ್ ಕಾಯಿಲೆ. ಕೆಲವು ಸಲ ನಿದ್ರೆಯನ್ನೇ ತೊರೆದು, ಹತ್ತಾರು ಯೋಜನೆ ಹಾಕಿ, ಸಾಲ ಮಾಡಿಯಾದರೂ ಹಣ ಚೆಲ್ಲುವ ಉನ್ಮಾದ. ಅದು ಇಳಿದ ಮೇಲೆ ತಿಂಗಳುಗಟ್ಟಲೆ ಖಿನ್ನತೆ. ಎಳ್ಳಮಾವಾಸ್ಯೆಯ ದಿನ ಮನೆಯವರೆಲ್ಲ ಹೊಲದಲ್ಲಿ ಚರಗ ಚೆಲ್ಲಿ ಊಟಕ್ಕೆ ಕುಳಿತಾಗ ಅವರು ತುತ್ತನ್ನೂ ಎತ್ತದೆ ಸುಮ್ಮನೆ ಕುಳಿತಿದ್ದರಂತೆ. ಅವರ ಮಡದಿ ನಮ್ಮಲ್ಲಿಗೆ ಬಂದು, "ಗುರುಗಳ, ಇವರು ಅಳೂದೂ ಇಲ್ಲ, ನಗೂದೂ ಇಲ್ರಿ. ಪೂಜಿಗೂ ಮನಸಿಲ್ಲ. ಭಕ್ತಿ ಕಡಿಮಿ ಆತೇನ್ರಿ?" ಎಂದು ಕೇಳಿದರು. ಡಾಕ್ಟರರು ಕರೆಂಟು ಕೊಡಬೇಕೆನ್ನುತ್ತಾರೆ, ಮಗ ಒಪ್ಪುವುದಿಲ್ಲ ಎಂಬುದು ಅವರ ಇನ್ನೊಂದು ಸಂಕಟ.

"ತಾಯೀ, ಇದು ಭಕ್ತಿಯ ಕೊರತೆಯಲ್ಲ, ಕಾಯಿಲೆ" ಎಂದು ಮೊದಲನೆಯ ಪ್ರಶ್ನೆಗೆ ಆಗಲೇ ಉತ್ತರಿಸಿದೆವು. ಎರಡನೆಯದಕ್ಕೆ ಉತ್ತರ ಹೇಳಲು ನಾವು ಓದಬೇಕಾಯಿತು. ಬಲ್ಲ ವೈದ್ಯರನ್ನು ಕೇಳಬೇಕಾಯಿತು. ತಿಳಿದುದನ್ನು ಓದುಗ ಬಂಧುಗಳ ಮುಂದಿಡುವುದು ಕರ್ತವ್ಯವೆಂದು ಭಾವಿಸಿದ್ದೇವೆ.

ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಎಂಬ ವಿಜ್ಞಾನಿಗಳು ಇಲಿಯ ಮಿದುಳಿನೊಳಗೆ ಸೂಕ್ಷ್ಮವಾದ ತಂತಿಯನ್ನಿಟ್ಟು, ಸನ್ನೆಯೊಂದನ್ನು ಒತ್ತಿದರೆ ಅಲ್ಲಿಗೆ ವಿದ್ಯುತ್ತು ಹರಿಯುವಂತೆ ಮಾಡಿದರು. ಇಲಿಗಳು ಬಿಡದೆ ಮತ್ತೆ ಮತ್ತೆ ಒತ್ತತೊಡಗಿದವು. ೧೯೫೪ರಲ್ಲಿ ಇದು ಪ್ರಕಟವಾದಾಗ ಸುಖದ ನೆಲೆಯೇ ದೊರಕಿತೆಂದು ಅನೇಕರು ತಿಳಿದರು. ಮುಂದೆ ಅಮೆರಿಕದ ಕೆಂಟ್ ಬೆರಿಡ್ಜ್ ಮೊದಲಾದವರು, ಬಯಸುವುದು ಬೇರೆ, ಸವಿಯುವುದು ಬೇರೆ, ಮಿದುಳಿನಲ್ಲಿ ಇವೆರಡರ ವ್ಯವಸ್ಥೆಯೂ ಬೇರೆ ಎಂದು ತೋರಿಸಿಕೊಟ್ಟರು. ಖಿನ್ನರಾದವರಲ್ಲಿ ಅನೇಕ ವೇಳೆ ಸವಿಯುವ ನಾಲಗೆ ಇದ್ದೇ ಇರುತ್ತದೆ. ತುತ್ತನ್ನು ಎತ್ತುವ ಬಯಕೆ ಬತ್ತಿರುತ್ತದೆ.

೨೦೦೮ರಲ್ಲಿ ಜರ್ಮನಿಯ ಬಾನ್ ನಗರದ ಥಾಮಸ್ ಶ್ಲೆಪ್ಫರ್ ಮತ್ತು ಅವರ ಸಂಗಡಿಗರು, ಯಾವ ಚಿಕಿತ್ಸೆಗೂ ಬಗ್ಗದ ಖಿನ್ನತೆಯಿದ್ದ ಮೂವರ ಮಿದುಳಿನ ಆಳದಲ್ಲಿ 'ನ್ಯೂಕ್ಲಿಯಸ್ ಅಕುಂಬೆನ್ಸ್' ಎಂಬ ಭಾಗಕ್ಕೆ ವಿದ್ಯುತ್ತು ಹರಿಸಿದ ವರದಿಯನ್ನು ಪ್ರಕಟಿಸಿದರು. ಅವರಲ್ಲೊಬ್ಬರು ಕೊಲೋನ್ ನಗರದ ಪ್ರಸಿದ್ಧ ಚರ್ಚನ್ನು ತಾವು ನೋಡಿಯೇ ಇಲ್ಲ, ನೋಡಬೇಕು ಎಂದರಂತೆ. ಇನ್ನೊಬ್ಬರಿಗೆ ಹಿಂದೆ ಪ್ರಿಯವಾಗಿದ್ದ ಬೌಲಿಂಗ್ ಆಟದ ನೆನಪಾಯಿತಂತೆ. ಸುಖವಾಯಿತೆಂದು ಅವರು ಹೇಳಲಿಲ್ಲ; ಅವರಲ್ಲಿ ಒಂದು ಆಸೆ ಚಿಗುರಿತು. ಇದನ್ನು ಓದಿ ನಾವು ಬಹಳ ಹೊತ್ತು ಯೋಚಿಸುತ್ತ ಕುಳಿತೆವು. ಆದರೆ ಅವರದು ಬೈಪೋಲಾರ್ ಕಾಯಿಲೆಯಲ್ಲ. ತಲೆಬುರುಡೆಯನ್ನು ಕೊರೆದು ಮಾಡುವ ಈ ಕ್ರಮ ಖಿನ್ನತೆಯ ಮಟ್ಟಿಗೆ ಇಂದಿಗೂ ಪ್ರಯೋಗದ ಹಂತದಲ್ಲಿದೆ. ಬೈಪೋಲಾರ್ ಇರುವವರಲ್ಲಿ ಮಿದುಳಿನ ಪ್ರಚೋದನೆ ಉನ್ಮಾದಕ್ಕೆ ತಿರುಗುವ ಭಯವೂ ಉಂಟು.

ನಮ್ಮ ಶಿಕ್ಷಕರಿಗೆ ವೈದ್ಯರು ಹೇಳಿದ್ದು ಇದನ್ನಲ್ಲ, ಹಳೆಯದಾದ ಇ.ಸಿ.ಟಿ. ಚಿಕಿತ್ಸೆಯನ್ನು. ೧೯೩೮ರಲ್ಲಿ ರೋಮ್ ನಗರದಲ್ಲಿ ಊಗೊ ಚೆರ್ಲೆಟ್ಟಿ ಮತ್ತು ಲೂಚೊ ಬಿನಿ ಇದನ್ನು ಮೊದಲು ಪ್ರಯೋಗಿಸಿದರು. ಆ ಕಾಲದಲ್ಲಿ ಅರಿವಳಿಕೆಯಿಲ್ಲದೆ ಕೊಡುತ್ತಿದ್ದುದರಿಂದ ಮೂಳೆ ಮುರಿದದ್ದೂ ಉಂಟು. ಜನರ ಮನಸ್ಸಿನಲ್ಲಿ, ಸಿನಿಮಾಗಳಲ್ಲಿ, ಇಂದಿಗೂ ಉಳಿದಿರುವುದು ಆ ಭಯಾನಕ ಚಿತ್ರವೇ. ಈಗಿನ ಕ್ರಮ ಬೇರೆ. ರೋಗಿಗೆ ಅರಿವಳಿಕೆ ಕೊಟ್ಟು, ಸ್ನಾಯುಗಳನ್ನು ಸಡಿಲಿಸುವ ಔಷಧ ಕೊಟ್ಟು, ಅಳತೆಯ ವಿದ್ಯುತ್ತಿನಿಂದ ಮಿದುಳಿನಲ್ಲಿ ಅಲ್ಪಕಾಲದ ಫಿಟ್ಸ್ ಬರಿಸುತ್ತಾರೆ. ಅದು ಮುಗಿಯಲು ಸಾಮಾನ್ಯವಾಗಿ ಒಂದು ನಿಮಿಷವೂ ಬೇಕಿಲ್ಲ. ವಾರಕ್ಕೆ ಎರಡು ಮೂರು ಸಲದಂತೆ ಸಾಮಾನ್ಯವಾಗಿ ೬ರಿಂದ ೧೨ ಸಲ ಕೊಡುತ್ತಾರೆ. ಅರಿವಳಿಕೆಯಿಲ್ಲದೆ ಕೊಡುವುದನ್ನು ೨೦೧೭ರ ಮಾನಸಿಕ ಆರೋಗ್ಯ ಕಾಯಿದೆ ನಮ್ಮ ದೇಶದಲ್ಲಿ ನಿಷೇಧಿಸಿದೆ. ಔಷಧ ನಾಟದವರಿಗೆ, ಅನ್ನ ನೀರು ಬಿಟ್ಟವರಿಗೆ, ಜೀವದ ಮೇಲಿನ ಆಸೆಯನ್ನೇ ತೊರೆದವರಿಗೆ ಇದು ಬಹಳ ಪರಿಣಾಮಕಾರಿ ಎಂದು ವೈದ್ಯರು ಹೇಳುತ್ತಾರೆ. ಆದರೆ ಚಿಕಿತ್ಸೆಯ ದಿನಗಳ ಆಸುಪಾಸಿನ ನೆನಪುಗಳು ಅಳಿಸಿಹೋಗುವುದುಂಟು. ಕೆಲವರಲ್ಲಿ ಹಳೆಯ ನೆನಪುಗಳೂ ಮರಳುವುದಿಲ್ಲ. ಇದನ್ನು ಮುಚ್ಚಿಡಲಾಗದು.

ಇದೆಲ್ಲವನ್ನೂ ನಾವು ಆ ಮಗನಿಗೆ ವಿವರಿಸಿದೆವು. "ಅಪ್ಪಾರು ನಮ್ಮನ್ನ ಮರೆತರ ಏನ್ ಮಾಡೂಣ್ರಿ?" ಎಂದು ಅವನು ಕೇಳಿದ. ನಾವು ಉತ್ತರ ಹುಡುಕುವ ಮೊದಲೇ ತಾಯಿ, "ಈಗರ ನಮ್ಮನ್ನ ಎಲ್ಲಿ ನೆನಸ್ತಾರಪ್ಪಾ?" ಎಂದರು. ಮಗ ತಲೆ ತಗ್ಗಿಸಿದ. ಎಲ್ಲಕ್ಕೂ ಮಿಗಿಲಾಗಿ ರೋಗಿಯ ಒಪ್ಪಿಗೆ ಬೇಕು. ಅವರು ಬಹಳ ಹೊತ್ತು ಸುಮ್ಮನಿದ್ದು, "ಆಗಲಿ" ಎಂಬ ಒಂದೇ ಮಾತನ್ನು ಹೇಳಿದರು.

ಐದನೆಯ ಸಲದ ಚಿಕಿತ್ಸೆಯಾದ ಮರುದಿನ ಅವರು ಊಟಕ್ಕೆ ಕುಳಿತು, ಪಲ್ಯಕ್ಕೆ ಉಪ್ಪು ಸಾಲದು ಎಂದು ಗೊಣಗಿದರಂತೆ. ಆ ಒಂದು ದೂರನ್ನು ಕೇಳಿ ಮಡದಿ ಅಡಿಗೆಮನೆಗೆ ಹೋಗಿ ಅತ್ತರು. ಎಲ್ಲವೂ ಮೊದಲಿನಂತಾಯಿತೆಂದು ನಾವು ಹೇಳುವುದಿಲ್ಲ. ಆ ವರ್ಷದ ಎಳ್ಳಮಾವಾಸ್ಯೆ ಅವರ ನೆನಪಿನಲ್ಲಿಲ್ಲ. ಮಾತ್ರೆಗಳು ನಿಂತಿಲ್ಲ, ನಿಲ್ಲಿಸಲೂಬಾರದು. ಹಾರ್ಮೋನಿಯಂ ಪೆಟ್ಟಿಗೆ ತೆರೆಯಲು ಮತ್ತೆ ಎರಡು ತಿಂಗಳು ಹಿಡಿಯಿತು.

ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೇ. ಮನೆಯಲ್ಲಿ ಯಾರಾದರೂ ಹೀಗೆ ಬತ್ತಿ ಕುಳಿತರೆ ಸೋಮಾರಿ ಎನ್ನಬೇಡಿರಿ, ಶ್ರದ್ಧೆಯಿಲ್ಲದವನೆಂದು ಹಂಗಿಸಬೇಡಿರಿ. ಹರಕೆ ಪೂಜೆಗಳ ಜೊತೆಗೆ ವೈದ್ಯರ ಬಳಿಗೂ ಕರೆದೊಯ್ಯಿರಿ. ೨೦೨೨ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಎಂಬ ಉಚಿತ ದೂರವಾಣಿ ಸೇವೆಯ ಸಂಖ್ಯೆ ೧೪೪೧೬. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಆಸೆಯನ್ನು ಗೆಲ್ಲಬೇಕೆಂದು ನಾವು ಮಠದಲ್ಲಿ ಕಲಿತವರು. ಗೆಲ್ಲುವುದಕ್ಕೂ ಮೊದಲು ಅದು ಇರಬೇಕಲ್ಲವೇ? ಕಾಯಿಲೆ ಅದನ್ನು ಕಸಿದುಕೊಂಡಾಗ ಮರಳಿ ದೊರಕಿಸಿಕೊಡುವುದೂ ಒಂದು ದಾಸೋಹವೇ ಸರಿ.